ತದಡಿಯ ಹೆಂಗಸರು ಪಾಲು ಹಾಕಿಕೊಂಡ ಗುಳಿಗೆ

ನೀವು ಪಾಠ ಮಾಡುತ್ತಿರುವಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಇದು ನಮಗೆ ಯಾಕೆ ಬೇಕು?" ಅಂತ ಕೇಳಿದ್ದು ಉಂಟಾ? ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲು ದಾಟಿ ಹೋದದ್ದು? ಉಂಟಾದರೆ ನೀವು ನಮ್ಮ ಪೈಕಿ, ಕೂತು ಓದಿ. ಇಲ್ಲದಿದ್ದರೂ ಓದಿ, ನಷ್ಟವೇನಿಲ್ಲ.

ಅರವತ್ತರ ದಶಕದ ನಡುವಿನಲ್ಲಿ ಘಟ್ಟದ ಮೇಲಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಡಾಕ್ಟರಾಗಲು ಬಂದವರಿಗೆ ಲೆಕ್ಕ. ನಾನು ಡಾಕ್ಟರಲ್ಲ, ಮೇಲಾಗಿ ಹೆಂಗಸು. ಹುಡುಗರು ನನಗೆ 'ಸರಾಸರಿ ಮೇಡಂ' ಅಂತ ಹೆಸರಿಟ್ಟಿದ್ದರು. ಹೆಣ ಕೊಯ್ಯುವ ತರಗತಿಯನ್ನು ಒಬ್ಬನೂ ತಪ್ಪಿಸುತ್ತಿರಲಿಲ್ಲ, ನನ್ನ ತರಗತಿಯಲ್ಲಿ ಹಾಜರಿ ಹೇಳಿ ಕಿಟಕಿ ಹಾರುತ್ತಿದ್ದರು.

ನನ್ನ ಹುದ್ದೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು. ಅದು ಇರಬೇಕೋ ಬೇಡವೋ ಅಂತ ಹೇಳುವವರು ನಮ್ಮ ವಿಭಾಗದ ಮುಖ್ಯಸ್ಥರು. ಅವರನ್ನು ಎಲ್ಲರೂ ದೊಡ್ಡ ಡಾಕ್ಟರು ಅನ್ನುತ್ತಿದ್ದರು. ಧಾರವಾಡ ಕಡೆಯವರು, ಕೆಟ್ಟ ಮನುಷ್ಯರಲ್ಲ, ಆದರೆ ತಾವು ಮೊದಲೇ ನಂಬಿದ್ದನ್ನು ಲೆಕ್ಕ ಬಂದು ಒಪ್ಪಿಕೊಳ್ಳಬೇಕು ಅನ್ನುವವರು. ಒಂದು ಮಳೆಗಾಲದ ಕೊನೆಯಲ್ಲಿ ನನ್ನನ್ನು ಕರೆದು ಹೇಳಿದರು:

"ನಿಮ್ಮೂರು ಕುಮಟಾ ಅಲ್ಲೇನ್ರಿ? ಮೀನುಗಾರರ ಹೆಣ್ಣುಮಕ್ಕಳಿಗೆ ರಕ್ತ ಕಡಿಮಿ. ಕಬ್ಬಿಣದ ಗುಳಿಗಿ ಕೊಟ್ಟು ರಕ್ತ ಏರತೈತಿ ಅಂತ ತೋರಸೋಣು. ಹುಡುಗರನ್ನ ಕರ್ಕೊಂಡು ಹೋಗ್ರಿ. ನಾಲ್ಕು ಮಂದಿ ಮುಂದ ಓದೂವಂಥಾ ಫಲಿತಾಂಶ ಬಂತಂದ್ರ ನಿಮ್ಮ ಹುದ್ದೆ ಕಾಯಂ. ಬರಲಿಲ್ಲಂದ್ರ ಮುಂದಿನ ವರ್ಷ ಈ ಲೆಕ್ಕಾನ ನಮ್ಮ ಡಾಕ್ಟರೊಬ್ಬರು ಸಂಜೀ ಮುಂದ ಹೇಳಿಕೊಡ್ತಾರ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಇವತ್ತಿಗೂ ಋಣಿ. ನಾನೂ ಅಷ್ಟೇ ಸ್ಪಷ್ಟವಾಗಿ ಎರಡು ಶರತ್ತು ಹಾಕಿದೆ. ಒಂದು, ಅರ್ಧ ಮನೆಗಳಿಗೆ ಕಬ್ಬಿಣದ ಗುಳಿಗೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ, ಒಳಗೆ ಏನೂ ಇಲ್ಲದ ಗುಳಿಗೆ. ಎರಡು, ಕೆಲಸ ಮುಗಿದ ಮೇಲೆ ಎಲ್ಲರಿಗೂ ಕಬ್ಬಿಣದ್ದೇ ಕೊಡಬೇಕು. ಅವರು ಹೂಂ ಅಂದರು. ಕಾಲೇಜಿನ ಔಷಧಿಯವನು ಸಕ್ಕರೆ ಹಿಟ್ಟಿನಲ್ಲಿ ಒಂದು ರಾಶಿ ಗುಳಿಗೆ ಒತ್ತಿ, ಅದೇ ಬಣ್ಣ ಬಳಿದು ಕೊಟ್ಟ. ಹುಡುಗರು ಅದಕ್ಕೆ 'ಪೊಳ್ಳು' ಅಂತ ಹೆಸರಿಟ್ಟರು.

ಪೊಳ್ಳು ಯಾಕೆ ಬೇಕು ಅಂತ ಜಗಳಕ್ಕೆ ನಿಂತವನು ಒಬ್ಬ ಉದ್ದನೆಯ ಹುಡುಗ. ಗದಗಿನ ಕಡೆಯವನು, ಅಪ್ಪನೂ ಡಾಕ್ಟರು. ತರಗತಿಯಿಂದ ಎದ್ದು ಹೋಗುವವರ ಮುಂದಾಳು ಇವನೇ.

"ಮೇಡಂ, ಮೊದಲ ರಕ್ತ ನೋಡೋದು, ಗುಳಿಗಿ ಕೊಡೋದು, ಆಮ್ಯಾಲ ರಕ್ತ ನೋಡೋದು. ಏರಿತ್ತಂದ್ರ ಗುಳಿಗಿಂದನ ಏರೇತಿ. ನಡುವ ಈ ಪೊಳ್ಳಿನ ಆಟ ಯಾಕ್ರೀ?"

"ಈಗ ಮಳೆಗಾಲ ಮುಗೀತಿದೆ. ಇಷ್ಟು ದಿನ ದೋಣಿ ಕಡಲಿಗೆ ಇಳಿದಿಲ್ಲ. ಈ ಹೆಂಗಸರು ಗಂಜಿ ಮತ್ತು ಒಣಮೀನಿನ ಚೂರಲ್ಲಿ ದಿನ ತಳ್ಳಿದ್ದಾರೆ. ಇನ್ನು ಬಂಗಡೆ ಮೀನು ಬರುತ್ತದೆ, ತಾರ್ಲೆ ಬರುತ್ತದೆ, ಹೊಟ್ಟೆ ತುಂಬ ತಿನ್ನುತ್ತಾರೆ. ರಕ್ತ ಏರಿದರೆ ಅದು ನಿನ್ನ ಗುಳಿಗೆಯದ್ದೋ ಬಂಗಡೆಯದ್ದೋ?"

"ಎರಡರದ್ದೂ ಇರಬಹುದು."

"ಎಷ್ಟೆಷ್ಟು?"

ಅವನು ಪಕ್ಕದವನ ಕಡೆ ತಿರುಗಿದ. ಒಪ್ಪಿ ತಿರುಗಿದ್ದಲ್ಲ, ಬಂಗಡೆ ಎಂದರೆ ಹೇಗಿರುತ್ತದೆ ಅಂತ ಕೇಳಲು ತಿರುಗಿದ್ದು. ಪಕ್ಕದವನು ಭಟ್ಕಳದ ಹುಡುಗ, ಮನೆಯಲ್ಲಿ ನವಾಯತಿ ಮಾತಾಡುವವನು. ಅವನು ಮೊಳಕೈವರೆಗೆ ತೋರಿಸಿ ಹೆದರಿಸಿದ.

ಕುಮಟಾದಿಂದ ಅಘನಾಶಿನಿಗೆ ಹೋಗಿ, ಅಲ್ಲಿಂದ ದೋಣಿಯಲ್ಲಿ ಅಳಿವೆ ದಾಟಿ ತದಡಿಗೆ ಬಂದೆವು. ಶಾಲೆಯ ಜಗಲಿಯಲ್ಲಿ ಬೀಡು. ಕೇರಿಯ ಹೆಂಗಸರು ಬಂದು ಸುತ್ತ ನಿಂತರು. ಸೊಂಟಕ್ಕೆ ಕೈ ಕೊಟ್ಟು ಎದುರಿಗೆ ನಿಂತವಳು ಒಬ್ಬ ಅಜ್ಜಿ. ಕೇರಿಯಲ್ಲಿ ಹೆರಿಗೆಯಿಂದ ಹಿಡಿದು ಜಗಳದವರೆಗೆ ಎಲ್ಲಕ್ಕೂ ಅವಳೇ. ನಮ್ಮ ಕಡೆ ಪಾಠ ಮಾಡುವ ಹೆಂಗಸರನ್ನು ಅಕ್ಕೋರು ಅನ್ನುವುದು, ಹಾಗಾಗಿ ಕಾಲೇಜಿನ ಸರಾಸರಿ ಮೇಡಂ ಇಲ್ಲಿ ಮರ್ಯಾದೆಯಿಂದ ಅಕ್ಕೋರಾದಳು.

"ರಕ್ತ ಕಡ್ಮೆ ಅದೆ ಹೇಳ್ತ್ರಿ," ಅಂದಳು ಅಜ್ಜಿ. "ಕಡ್ಮೆ ಇದ್ದದ್ರಲ್ಲೇ ಮತ್ತೆ ತೆಗಿತ್ರಿ. ಇದೆಂತ ನ್ಯಾಯ ಅಕ್ಕೋರೆ?"

"ಒಂದು ಹನಿ ಅಜ್ಜಿ."

"ಒಂದು ಹನಿಗೆ ಇಷ್ಟು ಗಂಡುಮಕ್ಳು ಬಂದ್ರನ್ರಾ!"

ಹೆಂಗಸರು ನಕ್ಕರು. ನಕ್ಕ ಮೇಲೆ ಬೆರಳು ಕೊಟ್ಟರು. ಅದು ನಮ್ಮ ಕಡೆಯ ರೀತಿ, ನಗಿಸದೆ ಏನೂ ಸಿಕ್ಕುವುದಿಲ್ಲ.

ಆಗ ರಕ್ತದ ಬಣ್ಣ ನೋಡುವ ಕೆಲಸ ಪೂರ್ತಿ ಕಣ್ಣಿನದ್ದು. ಗೀಟು ಹಾಕಿದ ಸಣ್ಣ ಗಾಜಿನ ಕೊಳವೆಯಲ್ಲಿ ಸ್ವಲ್ಪ ಆಮ್ಲ ಹಾಕಬೇಕು. ಬೆರಳು ಚುಚ್ಚಿ, ಬಂದ ರಕ್ತವನ್ನು ಕೂದಲಿನಂಥ ನಳಿಕೆಯಲ್ಲಿ ಬಾಯಿಂದ ಎಳೆದು ಅದರೊಳಗೆ ಬಿಡಬೇಕು. ಸ್ವಲ್ಪ ಹೊತ್ತಿಗೆ ಕಂದಾಗುತ್ತದೆ. ಆಮೇಲೆ ಭಟ್ಟಿ ಇಳಿಸಿದ ನೀರನ್ನು ಹನಿಹನಿಯಾಗಿ ಬೆರೆಸುತ್ತ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸಮ ಆಗುವವರೆಗೆ ಹೋಗಬೇಕು. ಸಮ ಆದಾಗ ನೀರು ಯಾವ ಗೀಟಿಗೆ ಬಂದಿದೆಯೋ ಅದೇ ರಕ್ತದ ಅಳತೆ. ಒಂದು ಹನಿ ಹೆಚ್ಚಾದರೆ ವಾಪಸ್ಸು ತೆಗೆಯಲು ಬರುವುದಿಲ್ಲ.

ಮೊದಲ ಬೆಳಿಗ್ಗೆಯೇ ತಕರಾರು. ಒಂದೇ ಹೆಂಗಸಿನ ರಕ್ತವನ್ನು ಉದ್ದನೆಯವನು ಒಂದು ಓದಿದ, ಭಟ್ಕಳದವನು ಇನ್ನೊಂದು ಓದಿದ. ಉದ್ದನೆಯವನ ಲೆಕ್ಕದಲ್ಲಿ ಆಕೆ ಗಟ್ಟಿ, ಇವನ ಲೆಕ್ಕದಲ್ಲಿ ಆಕೆಯನ್ನು ಕೂಡಲೇ ಮಲಗಿಸಬೇಕು.

"ನಂದ ಖರೆ," ಅಂದ ಉದ್ದನೆಯವನು. "ನಮ್ಮಪ್ಪನ ದವಾಖಾನ್ಯಾಗ ಸಣ್ಣಾಂವ ಇದ್ದಾಗಿಂದ ನೋಡೀನಿ."

ನಾನು ಜಗಳ ಬಿಡಿಸಲು ಹೋಗಲಿಲ್ಲ. ತುಂಬಿದ ಕೊಳವೆಗಳನ್ನು ಪರದೆಯ ಹಿಂದೆ ತೆಗೆದುಕೊಂಡು ಹೋಗಿ, ಚೀಟಿ ಕಿತ್ತು, ಸಾಲು ಬದಲಿಸಿ, ಯಾವುದು ಯಾರದ್ದು ಅಂತ ಗೊತ್ತಾಗದ ಹಾಗೆ ಮಾಡಿ ಅವನ ಮುಂದೆ ಮತ್ತೆ ಇಟ್ಟೆ. "ಬಣ್ಣ ಗಾಜಿಗಿಂತ ದಟ್ಟವೋ ತೆಳುವೋ, ಅಷ್ಟೇ ಹೇಳು." ಹೇಳಿದ. ಇನ್ನೊಮ್ಮೆ ಸಾಲು ಬದಲಿಸಿ ಕೇಳಿದೆ. ಮೊದಲು ದಟ್ಟ ಅಂದದ್ದನ್ನೇ ತೆಳು ಅಂದ. ಭಟ್ಕಳದವನು ಹೊಟ್ಟೆ ಹಿಡಿದು ನಕ್ಕ. ಅವನನ್ನೂ ಕೂರಿಸಿದೆ. ಅವನದ್ದೂ ಅದೇ ಕಥೆ.

ಆವತ್ತು ನಾನು ಬೋರ್ಡಿನ ಮೇಲೆ ಒಂದು ಸೂತ್ರವನ್ನೂ ಬರೆಯಲಿಲ್ಲ. ಆದರೂ ಇಡೀ ವರ್ಷ ಹೇಳಿ ತಲೆಗೆ ಹೋಗದ್ದು ಆವತ್ತು ಹೋಯಿತು. ಒಂದು ಕೊಳವೆಯನ್ನು ಇಬ್ಬರು ನೋಡಬೇಕು, ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ಕೇಳಿಸಬಾರದು, ಯಾವ ಮನೆಗೆ ಯಾವ ಗುಳಿಗೆ ಅಂತ ನೋಡುವವನಿಗೆ ಗೊತ್ತಿರಬಾರದು. ಈ ನಿಯಮಗಳನ್ನು ಮಾಡಿದವರು ಅವರೇ, ನಾನು ತಲೆ ಆಡಿಸಿದೆ ಅಷ್ಟೆ.

ಅಷ್ಟರಲ್ಲಿ ಭಟ್ಟಿ ನೀರು ಮುಗಿಯಿತು. ಕಾಲೇಜಿನಿಂದ ತರಿಸಲು ವಾರ ಬೇಕು. ಭಟ್ಕಳದವನು ಮನೆಗೆ ಹೋಗಿ, ಊರಿನ ಮೋಟಾರು ಬ್ಯಾಟರಿ ಅಂಗಡಿಯಿಂದ ಒಂದು ದೊಡ್ಡ ಸೀಸೆ ನೀರು ತೊಡೆಯ ಮೇಲೆ ಇಟ್ಟುಕೊಂಡು ಬಂದ. ಹೊನ್ನಾವರದಲ್ಲಿ ಆಗ ಶರಾವತಿಗೆ ಸೇತುವೆ ಇಲ್ಲ, ಬಸ್ಸಿಳಿದು, ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲ್ ಹತ್ತಬೇಕು. ಸೀಸೆಯಲ್ಲಿ ಸಾರಾಯಿ ಇದೆಯೇನೋ ಅಂತ ಜಂಗಲ್ ಮೇಲೆ ಒಬ್ಬ ಮೂಸಿ ನೋಡಿ, "ಥೂ, ಬರೀ ನೀರು" ಅಂತ ಬೈದನಂತೆ. ಬಸ್ಸಿನ ಬ್ಯಾಟರಿಗೆ ಕುಡಿಸುವ ಭಟ್ಟಿ ನೀರು ನಮ್ಮ ರಕ್ತಕ್ಕೂ ಸರಿಹೋಯಿತು.

ಇನ್ನು ಯಾವ ಮನೆಗೆ ಯಾವ ಗುಳಿಗೆ? ಅದಕ್ಕೆ ನನ್ನ ಹತ್ತಿರ ಅಂಕಿಗಳನ್ನು ಕ್ರಮವಿಲ್ಲದೆ ಅಚ್ಚು ಹಾಕಿದ ಒಂದು ಪುಸ್ತಕ ಇತ್ತು. ಕಣ್ಣು ಮುಚ್ಚಿ ಬೆರಳಿಟ್ಟು, ಸರಿಸಂಖ್ಯೆ ಬಂದರೆ ಒಂದು ಸೀಸೆ, ಬೆಸ ಬಂದರೆ ಇನ್ನೊಂದು. ಎರಡು ಬಗೆಯ ಗುಳಿಗೆ ಇದೆ, ಯಾವುದು ಯಾರಿಗೆ ಅಂತ ಈ ಪುಸ್ತಕ ಹೇಳುತ್ತದೆ ಅಂತ ಹೆಂಗಸರಿಗೆ ವಿವರಿಸಿದೆ. ಅಜ್ಜಿಗೆ ಸರಿಬರಲಿಲ್ಲ.

"ಪುಸ್ತಕ ಯಾವೂರದು?"

"ಮುಂಬೈಯಿಂದ ತರಿಸಿದ್ದು."

"ನಮ್ಮನೆ ಪಾಲು ಮುಂಬಯಿ ಪುಸ್ತಕ ಹೇಳೂದು ಬೇಡ. ನಾವು ಬಲೆ ಮೀನು ಹಂಚೂಕೆ ಪಾಲು ಹಾಕ್ತ್ರು. ಹಂಗೆ ಹಾಕ್ವ."

ಪಾಲು ಹಾಕುವುದು ಅಂದರೆ ಹೀಗೆ. ದಡಕ್ಕೆ ಬಂದ ಮೀನನ್ನು ಸಮ ರಾಶಿಗಳಾಗಿ ಮಾಡುತ್ತಾರೆ. ಪಾಲುದಾರರು ಒಬ್ಬೊಬ್ಬರೂ ಒಂದು ಗುರುತು ಕೊಡುತ್ತಾರೆ. ಚಿಪ್ಪು, ಎಲೆಯ ಚೂರು, ಹಗ್ಗದ ತುಂಡು, ಬೀಡಿಯ ತುದಿ, ಏನಾದರೂ. ಯಾವ ಗುರುತು ಯಾರದ್ದು ಅಂತ ಗೊತ್ತಿಲ್ಲದ ಒಬ್ಬ ಬಂದು ಒಂದೊಂದು ರಾಶಿಯ ಮೇಲೆ ಒಂದೊಂದು ಗುರುತು ಇಡುತ್ತಾನೆ. ನಿನ್ನ ಗುರುತು ಬಿದ್ದ ರಾಶಿ ನಿನ್ನದು, ಆಮೇಲೆ ಮಾತಿಲ್ಲ ಅಂದಳು ಅಜ್ಜಿ.

ನನಗೆ ಕುಣಿದಾಡುವಷ್ಟು ಖುಷಿ. ನನ್ನ ಪುಸ್ತಕ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಮೇಲಿಂದ ಕೇರಿಯ ಒಪ್ಪಿಗೆ ಬೇರೆ. ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಸಾಲಾಗಿ ಇಟ್ಟೆವು. ಮನೆಗೊಂದು ಗುರುತು ಬಂತು. ಭಟ್ಕಳದವನೇ ಇಟ್ಟ. ಯಾವ ಬಟ್ಟೆಯೊಳಗೆ ಏನು ಅಂತ ಗೊತ್ತಿದ್ದದ್ದು ನನಗೊಬ್ಬಳಿಗೆ. ಉದ್ದನೆಯವನೂ "ಛಲೋ ಐತ್ರಿ ಇದು" ಅಂದುಬಿಟ್ಟ. ವಾರಕ್ಕೊಮ್ಮೆ ಹುಡುಗರು, ನಾನು ಮನೆವಾರು ಕಟ್ಟಿಕೊಟ್ಟ ಗುಳಿಗೆಯನ್ನು ಸೀಸೆಗೆ ತುಂಬುವುದು, ಹೊಟ್ಟೆನೋವು, ವಾಂತಿ, ಮಲದ ಬಣ್ಣ ಇಷ್ಟನ್ನು ಕೇಳಿ ಬರೆದುಕೊಳ್ಳುವುದು ಅಂತ ಆಯಿತು. ದೋಣಿಗಳು ಕಡಲಿಗೆ ಇಳಿದವು. ಬಂಗಡೆ ಬಂತು. ನಾನು ಕುಮಟಾದಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದು ಓಡಾಡುತ್ತಿದ್ದೆ. ಎಲ್ಲ ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಅಂದರೆ ನಾನು ಕಾಯಂ ಹುದ್ದೆಯ ಕನಸು ಕಾಣಲು ಶುರುಮಾಡಿದ್ದೆ.

ಕೊನೆಕೊನೆಗೆ ಒಂದು ದಿನ ಭಟ್ಕಳದವನು ಮುಖ ಸಣ್ಣ ಮಾಡಿಕೊಂಡು ಬಂದ.

"ಮೇಡಂ, ಒಂದು ಮಾತು. ಹೆಂಗಸ್ರ ಹತ್ರ ಮಲದ ಬಣ್ಣ ಕೇಳೂಕೆ ನಮಗೆಲ್ಲ ನಾಚ್ಕೆ ಆಗ್ತಿತ್ತು. ಅದ್ಕೆ ಇಷ್ಟು ದಿನ ನಾವ್ಯಾರೂ ಅದನ್ನ ಕೇಳ್ಲೇ ಇಲ್ಲ. ಇವತ್ತು ಅಜ್ಜಿ ಜಗಲಿ ಮೇಲೆ ನಿಂತು ಎಲ್ಲರ ಪರವಾಗಿ ಕೂಗಿ ಹೇಳ್ತು."

"ಏನಂತ?"

"'ಎಲ್ಲರ್ದೂ ಕರಿ, ಬರ್ಕ' ಹೇಳಿ."

ಕಬ್ಬಿಣ ತಿಂದರೆ ಮಲ ಕಪ್ಪಾಗುತ್ತದೆ, ಅದು ಸರಿ. ಸಕ್ಕರೆ ಹಿಟ್ಟು ತಿಂದರೆ ಯಾಕಾಗುತ್ತದೆ? ಔಷಧಿಯವನೇ ಸೀಸೆ ಅದಲುಬದಲು ಮಾಡಿದನೋ ಅಂತ ಮೊದಲ ಅನುಮಾನ. ಶಾಲೆಯ ಜಗಲಿಯಲ್ಲೇ ಪರೀಕ್ಷೆ ಮಾಡಿದೆವು. ಹಾಲು ಹಾಕದ ಕಡು ಚಹಾ ಎರಡು ಲೋಟ. ನಮ್ಮ ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡೂ ಬಗೆಯಿಂದ ಒಂದೊಂದು ಗುಳಿಗೆ ಪುಡಿ ಮಾಡಿ ಹಾಕಿದೆವು. ಕಬ್ಬಿಣ ಇದ್ದ ಚಹಾ ಶಾಯಿಯ ಹಾಗೆ ಕಪ್ಪಾಯಿತು, ಇನ್ನೊಂದು ಚಹಾ ಚಹಾದ ಹಾಗೇ ಇತ್ತು. ಗುಳಿಗೆ ಸರಿ ಇದೆ. ಹಾಗಾದರೆ ತಪ್ಪಿದ್ದು ಕೇರಿಯಲ್ಲಿ.

ಕೇರಿಗೆ ನಡೆದೆ. ಅಜ್ಜಿಯ ಮನೆಯ ನಡುವಿನಲ್ಲಿ ಉಪ್ಪಿನಕಾಯಿಯ ಭರಣಿ. ಮುಚ್ಚಳ ತೆಗೆದರೆ ಅದರೊಳಗೆ ನಮ್ಮ ಗುಳಿಗೆಗಳು, ಎಲ್ಲ ಒಟ್ಟಿಗೆ.

"ಇದೆಂತದು ಅಜ್ಜಿ?"

"ನಿಮ್ಮದೇ ಗುಳಿಗೆ. ಮತ್ತೆಂತ?"

"ಎಲ್ಲ ಮನೇದೂ ಒಟ್ಟು ಹಾಕಿದ್ರಿ?"

"ಹೌದು. ಮೊದ್ಲ ವಾರದಲ್ಲೇ ಗೊತ್ತಾತು. ನಮ್ಮನೆ ಹೆಂಗಸ್ರಿಗೆ ಕರಿ ಆತು, ಆಚೆಮನೆಯವ್ರಿಗೆ ಎಂತದೂ ಆಗ್ಲಿಲ್ಲ. ಬೆಳಿಗ್ಗೆ ಬಯಲಿಗೆ ಒಟ್ಟಿಗೇ ಹೋಗೂದಲ್ಲ, ಮಾತು ಬಂದೇ ಬತ್ತದೆ. ನಮ್ಮದ್ರಲ್ಲಿ ಎಂತೋ ಅದೆ, ಅವ್ರದ್ರಲ್ಲಿ ಇಲ್ಲ. ಅದ್ಕೆ ಎಲ್ಲ ತಂದು ಇದ್ರಲ್ಲಿ ಸುರ್ದು, ಕದಡಿ, ಹಂಚ್ಕಂಡ್ರು."

"ಅಜ್ಜಿ, ಪಾಲು ಹಾಕುವಾ ಅಂದದ್ದು ನೀವೇ. ಪಾಲು ಬಿದ್ದ ಮೇಲೆ ಮಾತಿಲ್ಲ ಅಂದದ್ದೂ ನೀವೇ."

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಪಾಲು ಹಾಕೂದು ಹಂಚುವಾಗ ಜಗಳ ಆಗ್ಬಾರ್ದು ಹೇಳಿ. ಹಂಚಿ ಆದ್ಮೇಲೆ ಒಬ್ಬಳ ರಾಶಿಲಿ ಬರೀ ಕೊಳೆತದ್ದೇ ಬಂದ್ರೆ, ಉಳ್ದವ್ರು ನೋಡ್ಕಂತ ಸಾರು ಕುದ್ಸೂದಾ? ಅವ್ಳ ಮನೆಗೂ ನಾಲ್ಕು ಹಾಕೂದೆ. ಅದು ಹೇಳೂಕೆ ಬೇಕನ್ರಾ?"

ಅದನ್ನು ಹೇಳಬೇಕಿತ್ತು ಅಂತ ಅವಳಿಗೆ ಹೊಳೆದಿರಲಿಲ್ಲ, ಕೇಳಬೇಕಿತ್ತು ಅಂತ ನನಗೂ ಹೊಳೆದಿರಲಿಲ್ಲ. ನಾನು ಪದ್ಧತಿಯ ಅರ್ಧವನ್ನು ಎತ್ತಿಕೊಂಡು ಬಂದಿದ್ದೆ.

"ನಿಮ್ಗೆ ಗೊತ್ತಿತ್ತಾ, ಅರ್ಧದಲ್ಲಿ ಎಂತದೂ ಇಲ್ಲ ಹೇಳಿ?" ಅಜ್ಜಿ ಕೇಳಿದಳು.

"ಗೊತ್ತಿತ್ತು. ಆಮೇಲೆ ಎಲ್ಲರಿಗೂ ಒಳ್ಳೇದೇ ಕೊಡ್ತೇವೆ."

"ಹಸ್ದವ್ರಿಗೆ 'ಆಮೇಲೆ' ಹೇಳ್ಬೇಡಿ ಅಕ್ಕೋರೆ," ಅಂದು ಮುಚ್ಚಳ ಹಾಕಿದಳು.

ದಾರಿಯಲ್ಲಿ ಉದ್ದನೆಯವನು ಹಾರಾಡಿದ. ಈ ಮಂದಿ ಎಲ್ಲ ಕೆಡಿಸಿದರು, ಇವರಿಗೆ ವಿಜ್ಞಾನ ಗೊತ್ತಿಲ್ಲ, ಇತ್ಯಾದಿ. ನಾನು ಅಂದೆ, "ಅವರ ಮನೆಗೆ ನಾವು ಬಂದದ್ದು, ಅವರು ನಮ್ಮ ಕಾಲೇಜಿಗೆ ಬಂದದ್ದಲ್ಲ. ಕೇರಿಯನ್ನು ನಡುವೆ ಸೀಳಿದವಳು ನಾನು. ಒಂದು ಕೇರಿಗೆಲ್ಲ ಒಂದೇ ಬಗೆ, ಅಳಿವೆಯ ಆಚೆ ಕೇರಿಗೆಲ್ಲ ಇನ್ನೊಂದು ಬಗೆ ಕೊಡಬೇಕಿತ್ತು. ಬರೆದುಕೋ, ಮುಂದೆ ನೀನು ಮಾಡುವಾಗ ಬೇಕಾಗುತ್ತದೆ." ಅವನು ಬರೆದುಕೊಂಡ. ಅವನು ನನ್ನ ಎದುರಿಗೆ ಪೆನ್ನು ತೆಗೆದದ್ದನ್ನು ಆವತ್ತೇ ಮೊದಲು ನೋಡಿದ್ದು.

ಕೊನೆಯ ರಕ್ತ ಪರೀಕ್ಷೆ ಮಾಡಿದೆವು. ಲೆಕ್ಕ ಹಾಕಿದವರು ಹುಡುಗರೇ. ಮೊದಲಿಗಿಂತ ರಕ್ತ ಏರಿತ್ತು. ಕಬ್ಬಿಣ ಕೊಟ್ಟ ಮನೆಗಳಲ್ಲೂ ಏರಿತ್ತು, ಪೊಳ್ಳು ಕೊಟ್ಟ ಮನೆಗಳಲ್ಲೂ ಏರಿತ್ತು, ಹೆಚ್ಚುಕಮ್ಮಿ ಒಂದೇ ಸಮ. ಎಲ್ಲರೂ ಎಲ್ಲವನ್ನೂ ತಿಂದ ಮೇಲೆ ಇನ್ನೇನಾಗುತ್ತದೆ?

ದೊಡ್ಡ ಡಾಕ್ಟರು ಕಾರಿನಲ್ಲಿ ಘಟ್ಟ ಇಳಿದು ಬಂದು ಕುಮಟಾದ ಪ್ರವಾಸಿ ಬಂಗಲೆಯಲ್ಲಿ ಉಳಿದರು. ಮರುದಿನ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿಗಳು, ಊರಿನ ಡಾಕ್ಟರುಗಳು ಸೇರುವವರಿದ್ದರು. ನಾನು ಭರಣಿಯ ಕಥೆ ಬಿಡದೆ ಹೇಳಿದೆ. ಅವರು ನಕ್ಕರು. ನಕ್ಕು ನನ್ನ ಕಾಗದದ ಮೇಲೆ ಬೆರಳಿಟ್ಟರು.

"ಈ ಎರಡನೇ ಕಾಲಮ್ ಬಿಟ್ಟಬಿಡ್ರಿ."

"ಅಂದರೆ?"

"ಪೊಳ್ಳಿನ ಕಥಿ ಬ್ಯಾಡ. ಮೊದಲ ಇಷ್ಟಿತ್ತು, ಗುಳಿಗಿ ಕೊಟ್ಟ ಮ್ಯಾಲ ಇಷ್ಟಾತು. ಸುಳ್ಳೇನಲ್ಲಲ್ಲ? ಖರೇನ ಏರೇತಿ."

"ಪೊಳ್ಳು ಕೊಟ್ಟವರಿಗೂ ಏರಿದೆ ಸರ್."

"ಅವರೂ ಕಬ್ಬಿಣ ತಿಂದಾರ ಅಂತ ನೀವ ಹೇಳಿದ್ರಿ."

"ತಿಂದಿದ್ದಾರೆ. ಎಷ್ಟು ಅಂತ ಗೊತ್ತಿಲ್ಲ. ಬಂಗಡೆಯನ್ನೂ ತಿಂದಿದ್ದಾರೆ. ಯಾವುದರಿಂದ ಎಷ್ಟು ಏರಿತು ಅಂತ ಹೇಳಲು ಬರುವುದಿಲ್ಲ."

"ಅಲ್ರೀ, ಕಬ್ಬಿಣದಿಂದ ರಕ್ತ ಏರೋದು ಎಲ್ಲಾರಿಗೂ ಗೊತ್ತಿದ್ದದ್ದ."

"ಗೊತ್ತಿದ್ದರೆ ಇಷ್ಟು ಬೆರಳು ಯಾಕೆ ಚುಚ್ಚಿಸಿದಿರಿ?"

ಅವರ ನಗು ನಿಂತಿತು. ಕಾಯಂ ಹುದ್ದೆಯ ಕಾಗದ ಟೈಪು ಆಗಿದೆ, ಸಹಿ ಮಾತ್ರ ಬಾಕಿ, ನಾಳೆಯ ಸಭೆ ಮುಗಿಯಲಿ ಅಂದರು. ನಾನು ಎದ್ದು ಬಂದೆ. ಗೋಡೆಯ ಮೇಲೆ ಬರೆದ ಹಾಗೆ ಎದುರಿಗೇ ಇತ್ತು. ಸುಮ್ಮನಿದ್ದರೆ ಸಂಖ್ಯಾಶಾಸ್ತ್ರ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ಆದರೆ ಆಮೇಲೆ ಆ ಹುಡುಗರಿಗೆ ನಾನು ಕಲಿಸುವುದಾದರೂ ಏನನ್ನು? ಬೇಡದ ಕಾಲಮ್ಮನ್ನು ಬಿಡುವುದಕ್ಕೆ ಅವರಿಗೆ ಅಕ್ಕೋರು ಬೇಕಿಲ್ಲ, ಅದು ತಾನಾಗಿಯೇ ಬರುತ್ತದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಸಭಾಂಗಣಕ್ಕೆ ಹೋದೆ. ಗೋಡೆಯ ತುಂಬ ಕರಿಹಲಗೆ. ಹಿಂದಿನ ಬೆಂಚಿಗೂ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಎರಡೂ ಕಾಲಮ್ ಬರೆದೆ. ಕೆಳಗೆ, 'ಎರಡೂ ಗುಂಪಿನವರು ಗುಳಿಗೆಗಳನ್ನು ಬೆರೆಸಿ ಹಂಚಿಕೊಂಡಿದ್ದಾರೆ' ಅಂತ ಬರೆದು ಗೆರೆ ಎಳೆದೆ. ಕೈಯೆಲ್ಲ ಸೀಮೆಸುಣ್ಣ.

ದೊಡ್ಡ ಡಾಕ್ಟರು ಬಂದು ನೋಡಿದರು. ವರದಿ ಓದಬೇಕಾದ ಉದ್ದನೆಯ ಹುಡುಗನೂ ಹಿಂದೆಯೇ ಇದ್ದ.

"ಯಾರು ಬರದದ್ದು ಇದನ್ನ?"

"ನಾನು."

"ಒರಸ್ರಿ."

"ಒರಸುವುದಿಲ್ಲ."

ಅವರು ಹುಡುಗನ ಕಡೆ ತಿರುಗಿದರು. "ಏ ತಮ್ಮಾ, ಡಸ್ಟರ್ ತಗೋ. ಎರಡನೇದು ಒರಸು."

ಅವನು ಡಸ್ಟರು ಎತ್ತಿಕೊಂಡ. ಹಲಗೆಯ ಮುಂದೆ ಹೋಗಿ ನಿಂತ. ಅವನ ಕೊನೆಯ ವರ್ಷದ ಅಂಕ ಇದೇ ದೊಡ್ಡ ಡಾಕ್ಟರ ಕೈಯಲ್ಲಿ. ಬಾಗಿಲಲ್ಲಿ ಅಧಿಕಾರಿಗಳ ಚಪ್ಪಲಿ ಸದ್ದಾಯಿತು. ದೊಡ್ಡ ಡಾಕ್ಟರು ನಗುಮುಖ ಮಾಡಿಕೊಂಡು ಅತ್ತ ಹೋದರು. ಫಲ ಪಡೆದವರು ಅಂತ ತೋರಿಸಲು ಅವರೇ ಕರೆಸಿದ್ದ ತದಡಿಯ ಹೆಂಗಸರೂ ಬಂದು ಗೋಡೆಯ ಬದಿಗೆ ಕೂತರು, ಮುಂದೆ ಅಜ್ಜಿ.

ಹುಡುಗ ಡಸ್ಟರನ್ನು ಬೆನ್ನ ಹಿಂದೆ ಹಿಡಿದುಕೊಂಡು, ಕೈಯಲ್ಲಿದ್ದ ವರದಿ ಬಿಟ್ಟು, ಹಲಗೆ ನೋಡಿ ಓದಿದ. ಮೊದಲನೆಯ ಕಾಲಮ್, ಆಮೇಲೆ ಎರಡನೆಯದು, ಆಮೇಲೆ ಕೆಳಗಿನ ಸಾಲು. ಪೂರ್ತಿ ಓದಿದ.

ಒಬ್ಬ ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಹಾಗಾದರೆ ಗುಳಿಗೆಯಿಂದ ರಕ್ತ ಏರಿತೋ ಇಲ್ಲವೋ?"

ದೊಡ್ಡ ಡಾಕ್ಟರು ಬಾಯಿ ತೆರೆಯುವ ಮೊದಲೇ ನಾನು ಎದ್ದೆ. "ಗೊತ್ತಿಲ್ಲ. ಈ ಪರೀಕ್ಷೆಯಿಂದ ಹೇಳಲು ಆಗುವುದಿಲ್ಲ. ಹಂಚಿದ ರೀತಿ ತಪ್ಪಾಗಿತ್ತು, ಹೇಗೆ ಹಂಚಬೇಕಿತ್ತು ಅಂತ ಈಗ ಗೊತ್ತಾಗಿದೆ. ಮತ್ತೆ ಮಾಡಬೇಕು."

ಗೋಡೆಯ ಬದಿಯಿಂದ ಅಜ್ಜಿಯ ಧ್ವನಿ:

"ಗೊತ್ತಿಲ್ಲ ಹೇಳೂಕೆ ಇಷ್ಟು ಜನ ಬೇಕಾತನ್ರಾ?"

ಇಡೀ ಸಭೆ ನಕ್ಕಿತು. ನಾನೂ ನಕ್ಕೆ. "ಹೌದು ಅಜ್ಜಿ, ಬೇಕಾತು." ನಗು ಇಳಿಯುವ ಮೊದಲೇ ಇನ್ನೊಂದು ಮಾತು ಸೇರಿಸಿದೆ. "ಕೆಲಸ ಮುಗಿದ ಮೇಲೆ ಎಲ್ಲರಿಗೂ ಕಬ್ಬಿಣದ ಗುಳಿಗೆ ಅಂತ ನಮ್ಮ ಮುಖ್ಯಸ್ಥರು ಮೊದಲೇ ಮಾತು ಕೊಟ್ಟಿದ್ದಾರೆ. ಇವತ್ತೇ ಶುರು." ಅಧಿಕಾರಿಗಳು ತಲೆದೂಗಿದರು. ದೊಡ್ಡ ಡಾಕ್ಟರೂ ದೂಗಬೇಕಾಯಿತು. ಪರೀಕ್ಷೆ ಕೆಟ್ಟರೂ ಆ ಹೆಂಗಸರಿಗೆ ಗುಳಿಗೆ ಬೇಕಾಗಿತ್ತು, ಅದು ಬೇರೆ ಮಾತು, ಇದು ಬೇರೆ ಮಾತು. ಈ ವ್ಯತ್ಯಾಸ ಹೇಳಿದರೆ ಈಗಲೂ ಕೆಲವು ಡಾಕ್ಟರುಗಳು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಕಾಲೇಜಿಗೆ ಮರಳಿದ ಮೇಲೆ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ತದಡಿಯ ಎರಡೂ ಕಾಲಮ್ ಹಾಕಿದೆ. 'ಇದರಿಂದ ಗುಳಿಗೆಯ ಬಗ್ಗೆ ಏನು ಹೇಳಬಹುದು?' ಒಬ್ಬೊಬ್ಬರು ಪುಟಗಟ್ಟಲೆ ಸೂತ್ರ ಬರೆದಿದ್ದರು. ಒಂದು ಉತ್ತರಪತ್ರಿಕೆಯಲ್ಲಿ, ಯಾರದ್ದೋ, ಮೇಲೆ ನಂಬರು ಮಾತ್ರ, ಇಷ್ಟೇ ಇತ್ತು: 'ಏನೂ ಹೇಳಲಾಗದು. ಎರಡು ಗುಂಪು ಬೇರೆಯಾಗಿ ಉಳಿದಿಲ್ಲ.' ಪೂರ್ತಿ ಅಂಕ ಕೊಟ್ಟೆ.

ದೊಡ್ಡ ಡಾಕ್ಟರು ಕರೆಸಿದರು. ಕಾಯಂ ಹುದ್ದೆಯ ಕಾಗದ ಇನ್ನೂ ಅವರ ಮೇಜಿನ ಮೇಲೇ ಇತ್ತು. ಸಿಟ್ಟು ಇಳಿದಿತ್ತು ಅನ್ನಿಸುತ್ತದೆ, ನಿಧಾನವಾಗಿಯೇ ಮಾತಾಡಿದರು.

"ಇಷ್ಟ ಬರದಾಂವಗ ಪೂರ್ತಿ ಅಂಕಾ? ಪುಟ ತುಂಬಿಸಿದವರಿಗೆ ಅರ್ಧಾ? ನೋಡ್ರಿ, ಆದದ್ದು ಆತು. ಈ ಅಂಕ ತಿದ್ದಿ ಕೊಡ್ರಿ. ನಾನೂ ಈ ಹುದ್ದೆ ಕಾಗದದ ಮ್ಯಾಲ ಸಹಿ ಮಾಡ್ತೀನಿ."

"ಉತ್ತರ ಸರಿ ಇದೆ ಸರ್."

"ನಿಮಗ ಹುದ್ದೆ ಬ್ಯಾಡೇನು?"

"ಬೇಕು. ಅಂಕ ತಿದ್ದುವುದಿಲ್ಲ."

ಅವರು ಆ ಕಾಗದವನ್ನು ಎತ್ತಿ ಖಾನೆಯೊಳಗೆ ಹಾಕಿದರು. ಮುಂದಿನ ವರ್ಷದಿಂದ ಲೆಕ್ಕವನ್ನು ಒಬ್ಬ ಡಾಕ್ಟರು ಸಂಜೆ ಹೊತ್ತು ಹೇಳಿಕೊಟ್ಟರಂತೆ. ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಗಣಿತಕ್ಕೆ ಸೇರಿದೆ. ಆ ನಂಬರಿನವನ ಅಂಕ ಮಾತ್ರ ಹಾಗೇ ಉಳಿಯಿತು, ಅದನ್ನು ಮುಟ್ಟಲು ನನ್ನ ಸಹಿ ಬೇಕಿತ್ತು, ನಾನು ಕೊಟ್ಟಿರಲಿಲ್ಲ. ಅವನು ಎಲ್ಲೋ ಡಾಕ್ಟರಾಗಿರಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ರೋಗಿಗೆ ಹೇಳುವ ಡಾಕ್ಟರು. ಅಂಥವನೊಬ್ಬನಿದ್ದರೆ ನನಗೆ ಸಾಕು.

ನನ್ನದು ಇಷ್ಟು. ಇನ್ನು ನೀವು ಹೇಳಿ. ನಿಮ್ಮ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಕಂಡದ್ದರಲ್ಲಿ ಅರ್ಧ ಬಿಟ್ಟು ಬರೆಯಿರಿ ಅಂತ ಯಾರು ಹೇಳಿದರು? ನೀವೇನು ಮಾಡಿದಿರಿ? ಬಿಡಲಿಲ್ಲ ಅಂತಾದರೆ ಬರೆಯಿರಿ. ಮನೆ ನಡೆಯಬೇಕಲ್ಲ ಅಂತ ಬಿಟ್ಟಿರಿ ಅಂತಾದರೆ ಅದನ್ನೂ ಬರೆಯಿರಿ, ನಾನು ಬೈಯುವುದಿಲ್ಲ. ಎರಡೂ ಬಗೆಯವರು ಬರೆದರೆ ಮಾತ್ರ ನನಗೆ ಲೆಕ್ಕ ಸಿಗುತ್ತದೆ.